ಕನ್ನಮ್ಮನ ಸಾಕ್ಷಿ

ಹುಲಿಯಪ್ಪ ಯಾರನ್ನೂ ಕೊಲ್ಲಲು ಹೊರಟವನಲ್ಲ. ಅರವತ್ತೆರಡರ ಆಷಾಢದಲ್ಲಿ, ನಿಟ್ಟೂರಿನ ಹತ್ತಿರ ಹಳ್ಳದ ಸಂಕದ ಮೇಲೆ ಅವನಿಗೆ ವಾಸಪ್ಪ ಎದುರಾದ. ಒಂದೇ ದಿಮ್ಮಿ ಹಾಸಿದ ಸಂಕ. ಒಬ್ಬರು ಹಿಂದೆ ಸರಿಯದೆ ಇನ್ನೊಬ್ಬರು ದಾಟುವಂತಿರಲಿಲ್ಲ. ಗದ್ದೆಯ ನೀರಿನ ವಿಷಯಕ್ಕೆ ಇಬ್ಬರಿಗೂ ಎರಡು ವರ್ಷದಿಂದ ಮಾತು ನಿಂತಿತ್ತು. ವಾಸಪ್ಪ ಕದಲಲಿಲ್ಲ. ಹುಲಿಯಪ್ಪ ದನ ಹೊಡೆಯುವ ಕೋಲಿನ ತುದಿಯಿಂದ ಅವನ ಹೊಟ್ಟೆಗೆ ತಿವಿದು, ಸರಿ ಅತ್ಲಾಗೆ ಎಂದ. ವಾಸಪ್ಪ ಕಾಲು ಜಾರಿ ಕೆಳಗೆ ಬಿದ್ದ. ಹಳ್ಳದಲ್ಲಿ ಸಿಕ್ಕಿಕೊಂಡಿದ್ದ ಮುರಿದ ಬಿದಿರು ಅವನ ಹೊಟ್ಟೆಯೊಳಗೆ ಹೊಕ್ಕಿತು. ಹೊಸನಗರದ ಆಸ್ಪತ್ರೆ ತಲುಪುವ ಮೊದಲೇ ಗಾಡಿಯಲ್ಲಿ ಅವನ ಜೀವ ಹೋಯಿತು. ಮರುದಿನ ಪೊಲೀಸರು ಬರುವಷ್ಟರಲ್ಲಿ ಆ ಬಿದಿರನ್ನು ಹಳ್ಳದ ನೆರೆ ಕೊಂಡೊಯ್ದಿತ್ತು.

ಇದನ್ನೆಲ್ಲ ಕಂಡವಳು ಸೊಪ್ಪಿನ ಹೊರೆ ಹೊತ್ತು ಹಿಂದೆ ಬರುತ್ತಿದ್ದ ಹುಲಿಯಪ್ಪನ ಹೆಂಡತಿ ಕನ್ನಮ್ಮ ಒಬ್ಬಳೇ. ನಿಜ ಹೇಳಿದರೆ ಗಂಡ ಉಳಿಯುತ್ತಾನೆಂದು ಅವಳು ನಂಬಿದ್ದಳು. ಕೋರ್ಟಿನಲ್ಲಿ ಕೋಲಿನಿಂದ ತಿವಿದದ್ದನ್ನೂ ಹೇಳಿದಳು, ಬಿದಿರಿನ ಸಂಗತಿಯನ್ನೂ ಹೇಳಿದಳು. ಗುಮಾಸ್ತ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದುಕೊಂಡ. ಬಳಿಕ ಕನ್ನಡದಲ್ಲಿ ಓದಿ ಹೇಳಿ, ಗಂಡ ತಿವಿದದ್ದು ಹೌದೋ ಎಂದು ಕೇಳಿದ. ಹೌದು ಎಂದು ಹೆಬ್ಬೆಟ್ಟು ಒತ್ತಿದಳು. ಬಿದಿರನ್ನು ಕಂಡವರು ಬೇರೆ ಯಾರೂ ಇರಲಿಲ್ಲ. ಹುಲಿಯಪ್ಪನಿಗೆ ಹತ್ತು ವರ್ಷ ಶಿಕ್ಷೆಯಾಯಿತು.

ವಕೀಲರು ಕೊಟ್ಟ ತನ್ನ ಹೇಳಿಕೆಯ ನಕಲನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ರಿಪ್ಪನ್‌ಪೇಟೆಗೆ ಹೋದಳು. ಅಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹೇರಂಬ ಮಾಸ್ತರರು ಅದನ್ನು ಎರಡು ಸಲ ಓದಿದರು.

"ಇಲ್ಲಿ ಸ್ಟ್ಯಾಬ್ ಅಂತ ಬರ್ದಿದಾರೆ. ಅದು ಚೂರಿ ಹಾಕೋದಕ್ಕೆ ಹೇಳೋ ಮಾತು," ಎಂದರು. "ನೀನು ಹೇಳಿದ್ದು ಪೋಕ್."

ಏಳನೇ ಕ್ಲಾಸಿನ ಮಕ್ಕಳಿಗೆ ಆ ಶಬ್ದವನ್ನು ತಾವೇ ಕಲಿಸಿದ್ದನ್ನು ನೆನೆದು, ಅವಳಿಗೂ ಬಿಡಿಸಿ ಹೇಳಿದರು. ಒಲೆಯ ಕೆಂಡ ಕೆದಕುವುದು ಪೋಕ್, ಮಲಗಿದವರ ಪಕ್ಕೆಗೆ ಬೆರಳಿನಿಂದ ತಿವಿದು ಎಬ್ಬಿಸುವುದು ಪೋಕ್, ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದಕ್ಕೂ ಅದೇ.

ಕನ್ನಮ್ಮ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ನಮ್ಮಲ್ಲಿ ಕೋಲಿಗೂ ಚೂರಿಗೂ ತಿವಿಯೋದು ಅಂತ್ಲೇ ಅಲ್ವಾ ಮಾಸ್ಟ್ರೇ. ನಾನು ಮತ್ತೆಂತ ಹೇಳ್ಬೇಕಿತ್ತು?" ಎಂದಳು.

ಮಾಸ್ತರರು ಅಂದೇ ಕೂತು ನಾಲ್ಕು ಪುಟದ ಅರ್ಜಿ ಬರೆದರು; ಎರಡು ಶಬ್ದಗಳ ವ್ಯತ್ಯಾಸವನ್ನು ನಿಘಂಟಿನಿಂದ ಎತ್ತಿ ತೋರಿಸಿದರು. ವಕೀಲರು ಅದನ್ನು ಅಪೀಲಿನ ಜೊತೆ ಸೇರಿಸಿದರು. ಎಂಟು ತಿಂಗಳ ಮೇಲೆ ಅಪೀಲು ವಜಾ ಆಯಿತು. ಹೇಳಿಕೆಯನ್ನು ಸಾಕ್ಷಿಗೆ ಅವಳದೇ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅವಳು ಒಪ್ಪಿದ್ದಾಳೆ ಎಂದು ತೀರ್ಪಿನಲ್ಲಿ ಬರೆದಿತ್ತು.

ಆ ಸುದ್ದಿಯನ್ನು ಅವಳೇ ಜೈಲಿಗೆ ಒಯ್ದಳು. ಮಾಸ್ತರರು ಹೇಳಿದ್ದನ್ನೂ ತಿಳಿದಷ್ಟು ಹೇಳಿದಳು. ಹುಲಿಯಪ್ಪ ಕಂಬಿಗೆ ಹಣೆ ಒತ್ತಿ ನಿಂತಿದ್ದ.

"ಆ ಇಂಗ್ಲಿಷ್ ಎಲ್ಲ ನಂಗೆ ಬ್ಯಾಡ," ಎಂದ. "ಹೊರೆ ಹೊತ್ತಿದ್ದೆ, ಏನೂ ಕಾಣ್ಲಿಲ್ಲ ಅಂತ ನೀನು ಅಂದಿದ್ರೆ ಆಗ್ತಿತ್ತು."

ಅವಳಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಕಂಡಿದ್ದೆನಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಒಳಗೆ ಹೋಗಿದ್ದ.

ದೀಪಾವಳಿ ಕಳೆದು ಮತ್ತೆ ಹೋದಾಗ, ಅವನು ಬರಲೊಲ್ಲ ಎಂದು ವಾರ್ಡರು ಬಂದು ಹೇಳಿದ. ಅವಳು ಬಸ್ಸಿನ ಹೊತ್ತಾಗುವವರೆಗೂ ಗೇಟಿನ ಬಳಿ ಕೂತಿದ್ದಳು. ಮುಂದಿನ ವರ್ಷವೂ ಹೋದಳು. ಆಗಲೂ ಅವನು ಬರಲಿಲ್ಲ.