ಬಳೆ ತೊಡಿಸಿದ ಕೋಳಿ

ಖಾಸಬಾಗದಿಂದ ಗುಂಜಿಯವರೆಗೆ ವಾಂತಿಭೇದಿ ಮನೆಮನೆ ಹೊಕ್ಕ ವರ್ಷ ಅದು. ರೋಗ ಬಂದ ಊರಿನವರು ಒಂದು ಕೋಳಿಯ ಕಾಲಿಗೆ ಹಸಿರು ಬಳೆ ತೊಡಿಸಿ, ಅದರ ಮೈಮೇಲೆ ದೇವಿಯನ್ನು ಕರೆದು, ‘ಅವ್ವಾ, ಮುಂದಿನ ಊರಿಗೆ ನಡಿ’ ಎಂದು ಗಡಿಯಾಚೆ ಬಿಡುತ್ತಿದ್ದರು. ಮುಂದಿನ ಊರಿನವರು ಅದರ ಮುಂದಿನ ಊರಿಗೆ ಅಟ್ಟುತ್ತಿದ್ದರು. ನಾಲ್ಕು ದಾರಿ ಕೂಡುವಲ್ಲಿ ಏಳೇ ಮನೆ ಕಟ್ಟಿಕೊಂಡವರ ಗತಿ ಏನು, ನೀವೇ ಹೇಳಿ! ಎಲ್ಲರ ಪೀಡೆಯೂ ಅಲ್ಲಿಗೇ ಬರಬೇಕು.

ಆ ಏಳರಲ್ಲಿ ಕೊನೆಯ ಗುಡಿಸಲು ಕುರಿ ಕಾಯುವ ಬೀರಣ್ಣನದು. ಬಂದು ಎರಡು ವರ್ಷವಾದರೂ ಅವನು ಹೊರಗಿನವನೇ. ಅಂದು ಬೆಳಿಗ್ಗೆ ಹೆಂಡತಿ ಮಾಯಕ್ಕನಿಗೆ ಚೊಚ್ಚಲ ಹೆರಿಗೆಯ ನೋವು ಎದ್ದಿತ್ತು. ಸೂಲಗಿತ್ತಿ ಭರಮವ್ವನನ್ನು ಕರೆಯಲು ಓಡಿದವನಿಗೆ ನಡುದಾರಿಯಲ್ಲೇ ಬಳೆಯ ಕೋಳಿ ಎದುರಾಯಿತು. ಸುತ್ತ ಊರೇ ನಿಂತಿತ್ತು. ಮುಟ್ಟುವ ಗಂಡಸು ಒಬ್ಬನಿಲ್ಲ.

“ಬೀರಣ್ಣಾ, ನೀ ನಮ್ಮಾಂವ ಅಲ್ಲೇನೋ? ಹಿಡಿ ಅದನ್ನ,” ಎಂದ ಹಣಮಪ್ಪ ಗೌಡ.

ನಮ್ಮಾಂವ! ಆ ಒಂದು ಮಾತಿಗಾಗಿ ಎರಡು ವರ್ಷ ಕಾದಿದ್ದ ಹುಚ್ಚ, ಹಾರಿ ಹಿಡಿದೇಬಿಟ್ಟ.

“ಕಣಕುಂಬಿ ದಾರಿ ಹಿಡಿದು, ಹಳ್ಳದ ಆಚಿ ಬಿಟ್ಟ ಬಾ.”

“ಗೌಡ್ರ, ಮನ್ಯಾಗ ಅಕಿ ಒಬ್ಬಾಕಿನ ಬ್ಯಾನಿ ತಿನ್ನಾಕತ್ತಾಳ್ರೀ...”

“ಭರಮವ್ವ ಹೋಗತಾಳ. ನೀ ಬರೂದರಾಗ ಕೂಸು ಕೈಯಾಗ ಇರ್ತೈತಿ, ನಡಿ.”

ಗುಂಪಿನಲ್ಲೇ ನಿಂತಿದ್ದ ಭರಮವ್ವ ಹೂಂಗುಟ್ಟಿದಳು. ಬೀರಣ್ಣ ಓಡಿದ. ಹಳ್ಳದಾಚೆ ಕಾವಲಿದ್ದವರು ಕಲ್ಲು ಬೀಸಿದರು; ಹಣೆ ಒಡೆಯಿತು. ಕಂಟಿಯೊಳಗೆ ತೂರಿ, ಅವರ ಕಣ್ಣು ತಪ್ಪಿಸಿ ಕೋಳಿಯನ್ನು ಎಸೆದು ಬಂದ. ನೆತ್ತರು ಸುರಿಯುತ್ತಿದ್ದರೂ ಅವನಿಗೆ ಖುಷಿಯೋ ಖುಷಿ. ಗಂಡಾದರೆ ಗೌಡರ ಬಾಯಿಂದಲೇ ಹೆಸರು ಕರೆಸಬೇಕು ಎಂದುಕೊಳ್ಳುತ್ತ ನಡೆದ.

ಹೊತ್ತು ಮುಳುಗುವಾಗ ಬಂದು ನೋಡಿದರೆ ಗುಡಿಸಲಿನ ಬಾಗಿಲಿಗೆ ಬಾರೆಯ ಮುಳ್ಳುಕಂಟಿ ಜಡಿದಿದ್ದರು. ದೂರದಲ್ಲಿ ಭರಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು. ಗೌಡ ಬಡಿಗೆ ಅಡ್ಡ ಹಿಡಿದ.

“ಅಲ್ಲೇ ನಿಂದ್ರು! ಅವ್ವನ್ನ ಮುಟ್ಟಿದಾಂವ ನೀ. ನಿನ್ನ ಮನಿ ಇನ್ನ ಅಕೀ ಮನಿ. ಊರಾಗ ಕಾಲ ಇಡಬ್ಯಾಡ.”

“ಹಿಡಿ ಅಂದವ್ರು ನೀವ ಅಲ್ರೀ?”

“ಮತ್ತ ನಮ್ಮ ಮಕ್ಕಳಿಗೆ ಅನ್ನಬೇಕಿತ್ತೇನು?”

ಬೀರಣ್ಣ ಗೌಡನನ್ನು ಬಿಟ್ಟು ಸೂಲಗಿತ್ತಿಯ ಕಡೆ ತಿರುಗಿದ.

“ಯವ್ವಾ, ಗಂಡೇನ? ಹೆಣ್ಣೇನ?”

“ನನಗ್ಯಾಂಗ ಗೊತ್ತಾಗಬೇಕೋ ಯಪ್ಪಾ? ನಾ ಒಳಗ ಹೋಗೇ ಇಲ್ಲ,” ಎಂದಳು ಭರಮವ್ವ. “ಅಕಿ ಚೀರೂದು ಮಧ್ಯಾಹ್ನಕ್ಕ ನಿಂತಿತು. ಕೂಸು ಮಾತ್ರ ಈಗೀಗಿನ ತನಕ ಅಳತಿತ್ತು.”