ಹೆಸರು ಕೆರೆದ ಹಪ್ಪಳ

ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿದ ದಿನಗಳು. ಮಾಳಿಗೆಯ ಮೇಲೆ ಹಾಸಿದ ಹಳೆಯ ಧೋತರಗಳಲ್ಲಿ ಹಪ್ಪಳಗಳು ಅಂಚು ಎತ್ತಿಕೊಂಡು ಒಣಗುತ್ತಿದ್ದವು. ನಾವು ಎಂಟು ಹೆಂಗಸರು ಕೆಳಗೆ ಪಡಸಾಲೆಯಲ್ಲಿ ಕುಳಿತು, ಕಟ್ಟಿಟ್ಟ ಪಾಕೀಟುಗಳ ಚೀಟಿಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ, ಉಗುರಿನಿಂದ ಕೆರೆದು, ಒಂದು ಪದವನ್ನು ಅಳಿಸುತ್ತಿದ್ದೆವು.

‘ತವರು’ ಎಂಬ ಪದ.

ದೂರದ ದೊಡ್ಡ ಕಂಪನಿಯೊಂದು ಹಪ್ಪಳ, ಉಪ್ಪಿನಕಾಯಿಗಳ ಮಟ್ಟಿಗೆ ಅದನ್ನು ತನ್ನದಾಗಿ ಬರೆಸಿಕೊಂಡಿತ್ತಂತೆ. ಆ ಪದ ಬರೆದು ಮಾರಿದರೂ, ಬಾಯಲ್ಲಿ ಹೇಳಿ ಮಾರಿದರೂ ಮಾಲೆಲ್ಲ ಜಪ್ತಿ ಮಾಡಿ ಮನೆಗೆ ಬೀಗ ಹಾಕಿಸುವುದಾಗಿ ನೋಟಿಸು ಬಂದಿತ್ತು. ನಮ್ಮ ಎಂಟೂ ಮನೆಗಳ ಒಲೆ ಉರಿಯುತ್ತಿದ್ದದ್ದು ಆ ಹಪ್ಪಳದಿಂದಲೇ.

"ಹಂಗಾರ ನಾ ಪಂಚಮಿಗೆ ಎಲ್ಲಿಗೆ ಹೋಗ್ಲಿ?" ಎಂದಳು ಶಾವಂತ್ರಿ.

"ಕಂಪನಿಗೆ ಹೋಗು. ಅಲ್ಲೇ ಜೋಕಾಲಿ ಕಟ್ಟಿರ್ತಾರ," ಎಂದರು ನಮ್ಮಲ್ಲಿ ಹಿರಿಯರಾದ ಸಂಗಮ್ಮತ್ತೆ.

ಯಾರೂ ನಗಲಿಲ್ಲ.

ಮಧ್ಯಾಹ್ನ ಕಂಪನಿಯ ಮನುಷ್ಯ ಬಂದೇಬಿಟ್ಟ. ಕಟ್ಟೆಯ ಮೇಲೆ ಚೀಲವಿಟ್ಟು, ಪೆನ್ನು ತೆಗೆದು ಕುಳಿತ.

"ಅವ್ವಾರ, ಒಂದು ಪಾಕೀಟ ಕೊಡ್ರಿ. ಯಾವ ಹಪ್ಪಳ ಇದು?"

"ಉದ್ದಿಂದ್ರಿ," ಎಂದರು ಸಂಗಮ್ಮತ್ತೆ.

"ಹೆಸರೇನು?"

"ಹಪ್ಪಳರೀ."

"ಮದುವ್ಯಾದ ಹೆಣ್ಮಗಳು ಹಬ್ಬಕ್ಕ ಎಲ್ಲಿಗೆ ಹೋಗ್ತಾಳ್ರಿ?"

"ಅವರವ್ವನ ಮನಿಗೆ."

"ಅದಕ್ಕ ಏನಂತಾರ?"

"ಅವರವ್ವನ ಮನಿ ಅಂತಾರ."

ಮೇಲೆ ಹಪ್ಪಳ ತಿರುವಿ ಹಾಕುವ ಹೊತ್ತು ಮೀರುತ್ತಿತ್ತು. ಅಂಚುಗಳು ಸುರುಳಿಯಾಗುತ್ತಿರಬೇಕು. ನಮ್ಮಲ್ಲಿ ಒಬ್ಬರೂ ಕದಲಲಿಲ್ಲ.

"ಇರಲಿ. ವರದಿಗೆ ನಿಮ್ಮ ಯಜಮಾನರ ಹೆಸರು ಹೇಳ್ರಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೆಣೆದು ಒಮ್ಮೆ ಹೇಳಿದ್ದಷ್ಟೇ. ಆಮೇಲೆ ಗಂಡನ ಹೆಸರನ್ನು ಅವರು ಉಚ್ಚರಿಸಿದವರಲ್ಲ. "ನೀ ಹೇಳವ್ವಾ," ಎಂದು ನನ್ನತ್ತ ತಿರುಗಿದರು.

"ಗುರುಪಾದಪ್ಪ," ಎಂದೆ, ಸಲೀಸಾಗಿ.

ಅದೇ ತಪ್ಪಾಯಿತು. ಅವನ ಪೆನ್ನು ನನ್ನ ಕಡೆ ತಿರುಗಿತು. "ಹಂಗ ಹಪ್ಪಳದ್ದೂ ನೀನ ಹೇಳಿಬಿಡು ತಂಗಿ."

ಪದ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಬಾಯಿ ತೆರೆದೆ. ಅತ್ತೆ ನನ್ನ ತೊಡೆ ಚಿವುಟಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು.

"ಆಕೀನ ಯಾಕ ಕಾಡ್ತೀರಿ? ಅವರು ನನ್ನೊಬ್ಬಾಕಿ ಗಂಡ. ಈ ಹಪ್ಪಳದ ಹೆಸರು ನಮ್ಮ ಎಂಟೂ ಮಂದಿಗೆ ಗಂಡ ಆಗಿ ಕುಂತದ. ಹ್ಯಾಂಗ ಬಾಯಿಬಿಟ್ಟು ಹೇಳೂಣು?"

ಪೆನ್ನು ನಿಂತಿತು. ಅವನು ಅದಕ್ಕೆ ಮುಚ್ಚಳ ಹಾಕಿದ. ಆಮೇಲೆ, ತಡೆಯಲಾಗದೆ, ನಕ್ಕುಬಿಟ್ಟ.

"ಚೀಟಿ ಮ್ಯಾಲೂ ಇಲ್ಲ, ಬಾಯಾಗೂ ಇಲ್ಲ ಅಂತ ಬರೀತೀನಿ," ಎಂದು ಪಾಕೀಟು ಹಿಡಿದು ಎದ್ದ. "ಇದನ್ನ ಎಣ್ಣ್ಯಾಗ ಕರದು ಕೊಡೋರೂ ಇಲ್ಲ ನನಗ. ನಮ್ಮಾಕಿ ಜಗಳಾಡಿ ತವರಿಗೆ ಹೋಗಿ ಕುಂತಾಳ."

"ಸಾವಕಾಶ ಮಾತಾಡೋ ತಮ್ಮಾ! ಕಂಪನಿಯವರು ಕೇಳಿಸ್ಕೊಂಡ್ರ ನಿನ್ನ ಮನಿಗೂ ಬೀಗ ಹಾಕ್ಯಾರು."

ಆಗ ನಾವೆಲ್ಲ ನಕ್ಕೆವು. ಅವನು ರೊಕ್ಕ ಕೊಡಲು ಜೇಬಿಗೆ ಕೈ ಹಾಕಿದ.

"ಈಗ ಬ್ಯಾಡ," ಎಂದರು ಅತ್ತೆ. "ಆಕೀನ ಕರಕೊಂಡು ಬಾ. ಆವಾಗ ಕೊಡೂವಂತಿ."

ಮುಂದೆ ಹಪ್ಪಳ ಜಪ್ತಿ ಮಾಡಲು ಯಾರೂ ಬರಲಿಲ್ಲ. ಅವನೂ ಮತ್ತೆ ಬರಲಿಲ್ಲ. ಅಂದು ಅವನು ಹೋದ ಮೇಲೆ ನಾನು ಮಾಳಿಗೆ ಹತ್ತಿ ನೋಡಿದಾಗ, ಬಸ್ಸಿಗೆ ಕಾಯುತ್ತ ಬೇವಿನ ನೆರಳಲ್ಲಿ ನಿಂತವನು ಪಾಕೀಟು ಒಡೆದು, ಹಸಿ ಹಪ್ಪಳವನ್ನೇ ಮುರಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ.