ಚಿಕ್ಕಪ್ಪನ ಕರುಳು ಮಾತಾಡಿದ ಮಧ್ಯಾಹ್ನ

ಇದು ಕಟ್ಟುಕಥೆಯಲ್ಲ, ಪುಸ್ತಕ ಕಟ್ಟುವವರ ಕಥೆ. ಅಕ್ಷರಕ್ಷರವೂ ನಿಜ. ನನ್ನ ಬಾಯಿಂದ ನಿಜ ಹೊರಡುತ್ತದೆ ಎಂದರೆ ನಂಬದವರು ನಮ್ಮ ಮನೆಯಲ್ಲೇ ಇದ್ದಾರೆ. ಅವರನ್ನು ದೂರುವಂತಿಲ್ಲ, ನನ್ನ ಬಾಯಿಂದ ಹೊರಡುವ ದನಿಗಳಲ್ಲಿ ಅರ್ಧಕ್ಕರ್ಧ ನನ್ನವೇ ಅಲ್ಲ. ಪೋಸ್ಟ್‌ಮನ್ನನ ಗೊಗ್ಗರುದನಿ, ಪಕ್ಕದಂಗಡಿ ದರ್ಜಿಯ ಗೊಣಗು, ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ಎಲ್ಲ ಈ ಗಂಟಲಲ್ಲಿ ಬಾಡಿಗೆಗಿವೆ. ಒಮ್ಮೆ ಹಜಾರದಲ್ಲಿ ಕೂತು ಕುಕ್ಕರಿನ ಮೂರನೇ ಸೀಟಿ ಹೊಡೆದೆ. ಚಿಕ್ಕಮ್ಮ ಓಡಿಬಂದು ಒಲೆ ಆರಿಸಿದಳು. ಅಂದು ಮನೆಮಂದಿಯೆಲ್ಲ ಅರೆಬೆಂದ ಅನ್ನ ತಿಂದೆವು. ಅಂದಿನಿಂದ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರ ಬಾಯಲ್ಲೂ ನಾನು 'ಗಿಳಿ'.

ಡಿಗ್ರಿ ಮುಗಿಸಿ ಬಂದಾಗ ಚಿಕ್ಕಪ್ಪ, "ಪುಸ್ತಕ ಓದಿದ್ದು ಸಾಕು, ಇನ್ನು ಹೊಲಿ" ಎಂದು ಸೂಜಿ ಕೊಟ್ಟರು. ಅವರದ್ದು ಬೈಂಡಿಂಗ್ ಅಂಗಡಿ. ಉದ್ದನೆಯ ಒಂದೇ ಕೋಣೆ. ಒಂದು ಬದಿಗೆ ರಟ್ಟು, ಕ್ಯಾಲಿಕೊ ಬಟ್ಟೆ, ಮಖಮಲ್ಲಿನ ಸುರುಳಿಗಳು. ಇನ್ನೊಂದು ಬದಿಗೆ ಕಬ್ಬಿಣದ ಪ್ರೆಸ್ಸು. ಅದರ ನೆತ್ತಿಯ ಚಕ್ರ ತಿರುಗಿಸಿದರೆ ಅಡಿಯಲ್ಲಿಟ್ಟ ಪುಸ್ತಕಗಳು ಉಸಿರು ಬಿಗಿಹಿಡಿದು ಚಪ್ಪಟೆಯಾಗುತ್ತವೆ. ನಡುವೆ ಮೇಜು. ಮೇಜಿನ ಮೇಲೆ ಅಂಟಿನ ಬೋಗುಣಿ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೈದಾ ಕದಡಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಿ, ಆ ಅಂಟನ್ನು ಬೇಯಿಸುವುದು ನನ್ನ ಪಾಲಿನ ಕೆಲಸ. ಈ ಮಾತು ಸ್ವಲ್ಪ ನೆನಪಿನಲ್ಲಿರಲಿ.

'ನಾಳೆ ಬನ್ನಿ' ಅನ್ನುವುದು ಬೈಂಡರುಗಳ ಉಸಿರಾಟ. ಚಿಕ್ಕಪ್ಪ ಮಾತ್ರ ಹನ್ನೆರಡನೇ ದಿನ ಎಂದರೆ ಹನ್ನೆರಡನೇ ದಿನವೇ. ಪುಸ್ತಕದ ಬೆನ್ನು ಒಂದು ಎಳೆ ಸೊಟ್ಟಗಾದರೂ ತಾವೇ ಗಿರಾಕಿಗೆ ತೋರಿಸಿ, "ಇಲ್ಲಿ ತಪ್ಪಾಗಿದೆ ನೋಡಿ" ಅನ್ನುತ್ತಿದ್ದರು. ಅಂಥವರು ಎರಡು ವರ್ಷದಲ್ಲಿ ಸವೆಯುತ್ತ ಬಂದರು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಭೇದಿ, ಬೆಳ್ಳಗಾದ ಉಗುರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಪ್ರೆಸ್ಸಿನ ಚಕ್ರಕ್ಕೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಚಕ್ರ ಜಗ್ಗಲಿಲ್ಲ. "ಎಣ್ಣೆ ಹಾಕೋ ಇದಕ್ಕೆ" ಅಂದರು. ನಾನು ಹಿಂದಿನ ದಿನವಷ್ಟೇ ಹಾಕಿದ್ದೆ. ಹಾಗಂತ ಹೇಳಲಿಲ್ಲ.

ರಕ್ತಪರೀಕ್ಷೆಯಾಯಿತು. ಬಾಯಿಂದ ಸಣ್ಣ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರನ್ನು ತೆಗೆದು ನೋಡಿದ್ದೂ ಆಯಿತು. ಡಾಕ್ಟರಮ್ಮ ಎರಡು ಚಿತ್ರಗಳನ್ನು ಮುಂದಿಟ್ಟರು.

"ಇದು ಆರೋಗ್ಯವಾಗಿರೋ ಕರುಳು. ಒಳಗೋಡೆ ನುಣ್ಣಗಿಲ್ಲ ನೋಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಲಕ್ಷಗಟ್ಟಲೆ ಎದ್ದು ನಿಂತಿವೆ. ಊಟದ ಸಾರ ಹೀರಿಕೊಳ್ಳೋದು ಅವೇ. ಇದು ನಿಮ್ಮದು."

ಚಿಕ್ಕಪ್ಪ ಎರಡನೇ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. ನೆಲಕ್ಕೆ ಮಲಗಿದ ಹುಲ್ಲಿನಂತೆ ಬಯಲೋ ಬಯಲು.

"ಮಖಮಲ್ಲು!" ಅಂದರು. "ಹಳೇ ಆಲ್ಬಮ್ಮಿನ ಮಖಮಲ್ಲು ಸವೆದಾಗ ಹೀಗೇ ಆಗೋದು. ಜೂಲೆಲ್ಲ ಹೋಗಿ ಬರೀ ನೇಯ್ಗೆ ಉಳಿಯುತ್ತೆ."

"ಸರಿಯಾಗಿ ಹೇಳಿದ್ರಿ. ಇದಕ್ಕೆ ಸೀಲಿಯಾಕ್ ಅಂತಾರೆ. ಗೋಧಿ, ಬಾರ್ಲಿ, ರೈ, ಇವುಗಳಲ್ಲಿ ಗ್ಲೂಟನ್ ಅಂತ ಒಂದಿದೆ, ಹಿಟ್ಟನ್ನ ಜಿಗುಟು ಮಾಡೋದು ಅದೇ. ನಿಮ್ಮ ಮೈಯೊಳಗಿನ ಕಾವಲುಗಾರರು ಅದನ್ನ ಕಳ್ಳ ಅಂತ ತಿಳಿದು ದೊಣ್ಣೆ ಎತ್ತುತ್ತಾರೆ. ಪೆಟ್ಟು ಬೀಳೋದು ಮಾತ್ರ ಮನೆ ಗೋಡೆಗೆ. ಗೋಡೆ ಹೀಗೆ ಬೋಳಾದ ಮೇಲೆ ಕಬ್ಬಿಣದಂಶ, ಸುಣ್ಣದಂಶ, ವಿಟಮಿನ್ನು, ಜಿಡ್ಡು, ಎಲ್ಲಾ ಬಾಗಿಲವರೆಗೂ ಬಂದು ವಾಪಸ್ ಹೋಗ್ತವೆ. ನೀವು ತಿಂತೀರಿ, ಮೈ ಉಪವಾಸ."

"ನೋಡಿದ್ಯಾ?" ಚಿಕ್ಕಪ್ಪ ಹೆಂಡತಿಯ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷದಿಂದ ನನ್ನನ್ನ ಕರುಳಿಲ್ಲದವನು ಅಂತಿದ್ದೆ. ಈಗ ಸಾಕ್ಷಿಗೆ ಫೋಟೊನೂ ಸಿಕ್ತು."

ಚಿಕ್ಕಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಅಂಟಿನ ಕೆಲಸದವನಿಗೆ ಅಂಟೇ ಆಗಿಬರಲ್ಲ ಅನ್ನಿ" ಅಂದರು ಚಿಕ್ಕಪ್ಪ. ಡಾಕ್ಟರಮ್ಮನೂ ನಕ್ಕು, "ತಿನ್ನೋ ಅಂಟು ಬಿಡಿ, ಅಂಟಿಸೋ ಅಂಟಿಗೆ ನನ್ನ ತಕರಾರಿಲ್ಲ" ಅಂದರು. ಎಲ್ಲರೂ ನಕ್ಕೆವು. ಎಷ್ಟು ಜಾಣರಪ್ಪಾ ನಾವು!

ಔಷಧಿ ಏನೂ ಇಲ್ಲ, ಪಥ್ಯವೇ ಔಷಧಿ. ಜೀವನಪೂರ್ತಿ ಗೋಧಿಯ ಒಂದು ಕಣವೂ ಕೂಡದು. ಚಿಕ್ಕಮ್ಮ ಅಂದೇ ಅಡುಗೆಮನೆಯ ಮೇಲೆ ದಂಡೆತ್ತಿ ಹೋದಳು. ಬ್ರೆಡ್ಡು, ಬಿಸ್ಕತ್ತು, ಬನ್ನು, ಎಲ್ಲ ಗಡೀಪಾರು. ಹೊಸ ಬಾಣಲೆ, ಹೊಸ ಸೌಟು. ತಾನೂ ಬಿಟ್ಟಳು, ನನ್ನಿಂದಲೂ ಬಿಡಿಸಿದಳು. ಚಿಕ್ಕಪ್ಪನ ಡಬ್ಬಿಗೆ ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ, ಬಾಳೆಹಣ್ಣು.

ಆರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರೆ ಕಾವಲುಗಾರರು ಇನ್ನೂ ದೊಣ್ಣೆ ಕೆಳಗಿಟ್ಟಿರಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಿದೆ. ಆಸೆ ಎಲ್ಲರಿಗೂ ಆಗುತ್ತೆ, ನಾನು ಬಯ್ಯಲ್ಲ. ಆದರೆ ನಿಜ ಹೇಳಿ. ಹೋಗ್ತಿಲ್ಲ ಅನ್ನೋದಾದ್ರೆ ಬೇರೆ ದೊಡ್ಡ ಕಾಯಿಲೆ ಹುಡುಕಬೇಕಾಗುತ್ತೆ. ತೂಕ ಇನ್ನೂ ಇಳಿದರೆ ಆಸ್ಪತ್ರೆಗೇ ಸೇರಿಸಬೇಕು."

"ನಾನು ತಿಂದಿಲ್ಲ" ಅಂದರು ಚಿಕ್ಕಪ್ಪ.

ಮನೆಯಲ್ಲಿ ಚಿಕ್ಕಮ್ಮ ಅಂಗಿ ಒಗೆಯುವ ಮುಂಚೆ ಜೇಬು ಮಗುಚಿ ಮೂಸತೊಡಗಿದಳು. ದರ್ಜಿಯ ಬಳಿ ಹೋಗಿ, "ನಿಮ್ಮ ಬನ್ನಲ್ಲಿ ಇವರಿಗೆ ಪಾಲು ಕೊಡ್ತೀರಾ?" ಅಂತ ಕೇಳಿಯೂ ಬಂದಳು. ಆ ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಅಂದಳು:

"ರಕ್ತ ಸುಳ್ಳು ಹೇಳುತ್ತಾ ರೀ?"

"ನಾನು ಹೇಳ್ತೀನಾ?"

ಅಷ್ಟೇ ಮಾತು. ಅವರು ತಟ್ಟೆಯನ್ನು ಸರಿಸಲೂ ಇಲ್ಲ, ತಿನ್ನಲೂ ಇಲ್ಲ. ಮೈ ಕರಗಿದ್ದಕ್ಕಿಂತ ಹೆಚ್ಚಾಗಿ ಆ ಪ್ರಶ್ನೆ ಅವರನ್ನು ಕರಗಿಸಿತು. ಮರುದಿನದಿಂದ ಗಿರಾಕಿಗಳಿಗೂ 'ಹನ್ನೆರಡನೇ ದಿನ' ಅನ್ನುವುದನ್ನು ಬಿಟ್ಟರು. "ನೋಡೋಣ" ಅನ್ನತೊಡಗಿದರು.

ನಾನಾದರೂ ನಂಬಿದೆನೇ? ಅದೇ ನಾಚಿಕೆಗೇಡು. ನಾನೂ ನಂಬಲಿಲ್ಲ. ಕದ್ದು ತಿನ್ನುತ್ತಿದ್ದಾರೆ, ಬಾಯಿ ಬಿಡಿಸಬೇಕು ಅಂದುಕೊಂಡೆ. ಬಾಯಿ ಬಿಡಿಸುವುದಕ್ಕೆ ನನ್ನಷ್ಟು ಬಾಯಿಗಳಿರುವವನು ಇನ್ನಾರು?

ಮಧ್ಯಾಹ್ನ ಊಟದ ಮೇಲೆ ಚಿಕ್ಕಪ್ಪನಿಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಆ ಹೊತ್ತಿನಲ್ಲಿ ನಮ್ಮ ಅಂಗಡಿ ಭೂಮಿಯ ಮೇಲಿನ ಜಾಗವಲ್ಲ. ಎತ್ತರದ ಕಿಟಕಿಯಿಂದ ಬಿಸಿಲು ಹಳದಿ ಪಟ್ಟಿಯಾಗಿ ಓರೆಗೆ ಇಳಿಯುತ್ತದೆ. ಅದರೊಳಗೆ ಕಾಗದದ ಧೂಳು ಬೀಳುವುದೂ ಇಲ್ಲ, ಏಳುವುದೂ ಇಲ್ಲ, ಸುಮ್ಮನೆ ತೇಲುತ್ತದೆ. ಫ್ಯಾನು ಒಂದೇ ಸಾಲನ್ನು ಓದಿದ್ದೇ ಓದುತ್ತದೆ. ಬೀದಿಯ ಸದ್ದು ಹತ್ತಿಯಲ್ಲಿ ಸುತ್ತಿಟ್ಟಂತೆ ದೂರವಾಗುತ್ತದೆ. ಹೊಲಿಯದೆ ಬಿದ್ದ ಪುಸ್ತಕಗಳು ಗಾಳಿಗೆ ಒಂದೊಂದೇ ಹಾಳೆ ಎತ್ತಿ ಇಳಿಸುತ್ತ ನಿದ್ದೆಯಲ್ಲಿ ಉಸಿರಾಡುವಂತೆ ಕಾಣುತ್ತವೆ. ಅವುಗಳ ನಡುವೆ ಚಿಕ್ಕಪ್ಪ, ಕಣ್ಣು ಮುಚ್ಚಿ, ಹೆಗಲು ಇಳಿಬಿಟ್ಟು. ಕೈಗಳು ಮಾತ್ರ ಡ್ಯೂಟಿಯ ಮೇಲಿರುತ್ತಿದ್ದವು. ಮೂವತ್ತು ವರ್ಷದ ಅಭ್ಯಾಸ, ನಿದ್ದೆಯಲ್ಲೂ ಅವು ಮಡಿಸಿದ ಹಾಳೆಗಳನ್ನು ಎಣಿಸುತ್ತಿದ್ದವು.

ಮಖಮಲ್ಲು ಸುತ್ತಿ ಬಂದಿದ್ದ ರಟ್ಟಿನ ಕೊಳವೆಯೊಂದಿತ್ತು, ಆಳುದ್ದದ್ದು. ಅದನ್ನು ಮೇಜಿನ ಕೆಳಗಿನಿಂದ ತೂರಿಸಿ, ಒಂದು ತುದಿ ಚಿಕ್ಕಪ್ಪನ ಹೊಟ್ಟೆಯ ಹತ್ತಿರ ಬರುವಂತೆ ಇಟ್ಟೆ. ಇನ್ನೊಂದು ತುದಿ ಹಿಡಿದು ರಟ್ಟಿನ ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಕರುಳಿಗೆ ಯಾರ ದನಿ ಕೊಡುವುದು? ತುಂಬ ಯೋಚಿಸಿ ಅವರದೇ ದನಿ ಕೊಟ್ಟೆ, ಸ್ವಲ್ಪ ತೇವ ಮಾಡಿ.

"ಏನಯ್ಯಾ," ಅಂದೆ ಕೊಳವೆಯೊಳಗೆ. "ನಾನು ನಿನ್ನ ಕರುಳು."

ಚಿಕ್ಕಪ್ಪನ ರೆಪ್ಪೆ ಅಲುಗಿತು, ತೆರೆಯಲಿಲ್ಲ. ತುಟಿಯಲ್ಲಿ ಸಣ್ಣ ನಗು. "ಬಾಪ್ಪಾ" ಅಂದರು, ಎಷ್ಟೋ ದಿನದ ನೆಂಟನನ್ನು ಒಳಗೆ ಕರೆಯುವಂತೆ. "ಹೇಗಿದೀಯ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. "ಬೋಳಾಗಿದೀನಿ. ಜೂಲಿಲ್ಲ" ಅಂದೆ.

"ಗೊತ್ತು ಕಣೋ. ಫೋಟೊ ನೋಡಿದೆ."

"ಇವತ್ತು ಏನು ತಿಂದೆ? ನನ್ನ ಹತ್ರ ಮುಚ್ಚಿಡಬೇಡ."

"ಅನ್ನ. ಬೀನ್ಸು. ಒಂದು ಮೊಟ್ಟೆ. ಬಾಳೆಹಣ್ಣು ಅರ್ಧ."

"ಇನ್ನರ್ಧ?"

"ಗಿಳಿಗೆ ಇಟ್ಟೆ. ಅವನಿಗೆ ಇಷ್ಟ."

ನನ್ನ ಕರುಳು ಚುರ್ ಅಂದಿತು. ಆದರೂ ಬಿಡಲಿಲ್ಲ. "ಮತ್ತೆ? ಬನ್ನು? ಬಿಸ್ಕತ್ತು?"

"ಇಲ್ಲಪ್ಪಾ." ಕಣ್ಣು ಮುಚ್ಚಿಯೇ ಇತ್ತು. "ಯಾರೂ ನಂಬಲ್ಲ. ನೀನು ಒಳಗೇ ಇದೀಯ, ನಿನಗಾದ್ರೂ ಗೊತ್ತಿರಬೇಕಲ್ಲ?"

ನಿದ್ದೆಯಲ್ಲಿ ಮನುಷ್ಯ ಸುಳ್ಳು ಹೇಳುವುದಿಲ್ಲ. ಕೊಳವೆಯಿಂದ ಬಾಯಿ ತೆಗೆದೆ. ಸುಮ್ಮನೆ ರಾಶಿಯ ಸಂದಿನಿಂದ ಅವರನ್ನು ನೋಡುತ್ತ ಕೂತೆ. ಆಗಲೇ ಆ ಕೈಗಳು ಕಂಡವು.

ಎಡಗೈ ಹಾಳೆಗಳನ್ನು ಹಿಡಿದಿತ್ತು. ಬಲಗೈ ತೋರುಬೆರಳು ಮೆಲ್ಲಗೆ ಮೇಲೇರಿ ಬಾಯಿಗೆ ಹೋಯಿತು, ನಾಲಗೆ ಮುಟ್ಟಿ ಒದ್ದೆಯಾಯಿತು, ಇಳಿದು ಬಂದು ಒಂದು ಮಡಿಕೆ ಎತ್ತಿತು. ಮತ್ತೆ ಬಾಯಿಗೆ. ಮತ್ತೆ ಹಾಳೆಗೆ. ಬಿಸಿಲಿನ ಪಟ್ಟಿಯೊಳಗೆ ಆ ಬೆರಳು ಬಂದಾಗಲೆಲ್ಲ ತುದಿಯಲ್ಲಿ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ಉಗುರಿನ ಸುತ್ತ ಒಣಗಿ ಹಕ್ಕಳೆಗಟ್ಟಿದ ಅಂಟು. ಮೈದಾ ಅಂಟು. ಬೆನ್ನಿಗೆ ಅಂಟು ಸವರಿ, ಬೆರಳಲ್ಲೇ ನೀವಿ, ಅದೇ ಬೆರಳನ್ನು ನೆಕ್ಕಿ ಹಾಳೆ ತಿರುವುವುದು. ದಿನಕ್ಕೆ ಐನೂರು ಸಲವೋ, ಆರುನೂರು ಸಲವೋ. ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿ ನೋಡಿಯೇ ಕಾಣದೆ ಹೋಗಿತ್ತು. ಮತ್ತು ಆ ಅಂಟನ್ನು ಪ್ರತಿದಿನ ಬೆಳಿಗ್ಗೆ, ಗಂಟಾಗದಂತೆ, ಪ್ರೀತಿಯಿಂದ ಬೇಯಿಸಿ ಬಡಿಸುತ್ತಿದ್ದವನು ನಾನು!

"ಬೆರಳು!" ಅಂತ ಕೊಳವೆಯೊಳಗೆ ಕಿರುಚಿದೆ. "ಬೆರಳು ನೆಕ್ಕಬೇಡವೋ ಮಾರಾಯಾ! ಅದರಲ್ಲೇ ಇದೆ ಗೋಧಿ!"

ಚಿಕ್ಕಪ್ಪ ಬೆಚ್ಚಿ ಎದ್ದರು. ಹೊಟ್ಟೆ ಮುಟ್ಟಿ ನೋಡಿಕೊಂಡರು. ಬೆರಳನ್ನು ಮುಖದ ಮುಂದೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನಾನು ಕೊಳವೆ ಎಳೆದುಕೊಂಡು, ಈಗಷ್ಟೇ ಬಂದವನ ಹಾಗೆ ಬಾಗಿಲಲ್ಲಿ ನಿಂತಿದ್ದೆ.

"ಗಿಳಿ," ಅಂದರು ಪಿಸುದನಿಯಲ್ಲಿ. "ನನ್ನ ಕರುಳು ನನ್ನ ಹತ್ರ ಮಾತಾಡ್ತು ಕಣೋ. ನನ್ನದೇ ದನಿಯಲ್ಲಿ."

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ, ನಿಮ್ಮನ್ನು ಸುಳ್ಳುಗಾರ ಅಂತ ಹಿಡಿಯಲು ಕೂತಿದ್ದೆ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು. ಚಿಕ್ಕಮ್ಮ ಸುದ್ದಿ ಕೇಳಿ ಆ ಬೆರಳನ್ನು ತನ್ನ ಸೆರಗಿನಲ್ಲಿ ಉಜ್ಜಿ ಉಜ್ಜಿ ಒರೆಸಿದಳು. ಬಯ್ಯುತ್ತಲೇ ಒರೆಸಿದಳು, ಅಳುತ್ತಲೇ ಬಯ್ದಳು. "ನಿಮ್ಮನ್ನ ನಂಬದೆ ದರ್ಜಿಯ ಬನ್ನು ಎಣಿಸಿದೆನಲ್ಲ ರೀ!"

ಮರುದಿನದಿಂದ ಅಂಗಡಿಯಲ್ಲಿ ಮೈದಾ ಬಂದ್. ಮೆಕ್ಕೆಜೋಳದ ಪಿಷ್ಟದ ಅಂಟು ಬೇಯಿಸಿದೆ. ಮೊದಮೊದಲು ಸರಿಯಾಗಿ ಹಿಡಿಯದೆ ಎರಡು ಬೆನ್ನು ಬಿಟ್ಟುಕೊಂಡವು, ಹದ ಕಲಿತೆ. ಮೇಜಿನ ಮೇಲೆ ಬೆರಳು ಒದ್ದೆ ಮಾಡಲು ಸ್ಪಂಜು ಬಂತು. ಚಿಕ್ಕಪ್ಪನ ಬೆರಳು ಅಭ್ಯಾಸಬಲದಿಂದ ಬಾಯಿಯ ಕಡೆ ಹೊರಟು, ನಡುದಾರಿಯಲ್ಲಿ ನೆನಪಾಗಿ, ದಾರಿ ತಪ್ಪಿದವನ ಹಾಗೆ ಮೂಗು ಕೆರೆದು ವಾಪಸಾಗುತ್ತಿತ್ತು.

ಮಧ್ಯಾಹ್ನದ ಹಳದಿ ಹೊತ್ತಿನಲ್ಲಿ, ಕಣ್ಣು ಮುಚ್ಚುವ ಮುಂಚೆ, ಅವರು ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದರು: "ಏನಪ್ಪಾ, ಚಿಗುರಿದ್ಯಾ?" ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತಿದ್ದರು. ನಾನು ನಾಲಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಸವೆದ ಮಖಮಲ್ಲನ್ನು ಸರಿಮಾಡಲಾಗದು, ಜೂಲು ಬರೀ ಮಲಗಿದ್ದರೆ ಬಿಸಿನೀರಿನ ಹಬೆಯ ಮೇಲೆ ಹಿಡಿದಾಗ ಎಳೆ ಎಳೆಯಾಗಿ ಏಳುತ್ತದೆ, ಅವಸರ ಮಾಡಿದರೆ ಏಳುವುದಿಲ್ಲ. ಅವರ ಉಗುರಿಗೆ ನಿಧಾನವಾಗಿ ಕೆಂಪು ಬರುವುದನ್ನು ನೋಡುತ್ತ ನನಗೆ ಆ ಹಬೆಯೇ ನೆನಪಾಗುತ್ತಿತ್ತು.

ವರ್ಷ ತುಂಬಿದ ಮೇಲೆ ಡಾಕ್ಟರಮ್ಮ ಹೊಸ ಚಿತ್ರ ಮುಂದಿಟ್ಟರು. ಬಯಲಲ್ಲಿ ಎಳೆಗಳು ಎದ್ದಿದ್ದವು, ಗಿಡ್ಡವೇ, ಆದರೆ ಎದ್ದಿದ್ದವು. "ಎಲ್ಲಾ ನಿಮ್ಮ ಆ ಬೆರಳಿನ ಪುಣ್ಯ. ನಾನು ಕೇಳಬೇಕಿದ್ದ ಪ್ರಶ್ನೆ ಅದು. ಅಂಟಿಸೋ ಅಂಟಿಗೆ ತಕರಾರಿಲ್ಲ ಅಂದವಳು ನಾನೇ. ನಿಮಗೆ ಹೊಳೆದದ್ದಾದರೂ ಹೇಗೆ?"

"ನನಗೆ ಹೊಳೆದದ್ದಲ್ಲ ಡಾಕ್ಟ್ರೇ," ಚಿಕ್ಕಪ್ಪ ಗಂಭೀರವಾಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನನ್ನ ಕರುಳೇ ಹೇಳಿತು. ಬಾಯಿಬಿಟ್ಟು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮನ ಕಣ್ಣು ಇನ್ನೊಬ್ಬ ಡಾಕ್ಟರರ ವಿಳಾಸ ಹುಡುಕುತ್ತಿದ್ದದ್ದು ನನಗೆ ಕಂಡಿತು. ಇನ್ನು ತಡೆದರೆ ಚಿಕ್ಕಪ್ಪನ ಮೇಲೆ ಬೇರೆಯೇ ಕಾಯಿಲೆಯ ಹಣೆಪಟ್ಟಿ ಬೀಳುತ್ತಿತ್ತು.

"ಅದು ನಾನು" ಅಂದೆ. "ಕೊಳವೆಯಲ್ಲಿ. ನೀವು ಕದ್ದು ತಿಂತೀರ ಅಂತ ಅನುಮಾನಿಸಿ ಬಾಯಿ ಬಿಡಿಸೋಕೆ ಕೂತಿದ್ದೆ, ಚಿಕ್ಕಪ್ಪ. ನಾನೂ ನಂಬಿರಲಿಲ್ಲ."

ಸೊಟ್ಟ ಬೆನ್ನಿನ ಪುಸ್ತಕವನ್ನು ನೋಡುವ ನೋಟದಲ್ಲಿ ಚಿಕ್ಕಪ್ಪ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ಅಂದ್ರೆ," ನಿಧಾನವಾಗಿ ಅಂದರು, "ಒಂದು ವರ್ಷದಿಂದ ನಾನು ದಿನಾ ಮಧ್ಯಾಹ್ನ ಕ್ಷೇಮ ವಿಚಾರಿಸ್ತಾ ಇದ್ದದ್ದು..."

"ಹೌದು."

"ಮೊದಲನೇ ದಿನ 'ಬಾಪ್ಪಾ' ಅಂತ ಒಳಗೆ ಕರೆದದ್ದು..."

"ನನ್ನನ್ನೇ."

ಅವರ ತುಟಿ ಅದುರಿತು. ಸಿಟ್ಟೋ ಅಳುವೋ ತಿಳಿಯಲಿಲ್ಲ. "ಆ ದನಿ ಇನ್ನೊಂದ್ಸಲ ಬರಲಿ" ಅಂದರು.

ಅಂಗೈಗಳನ್ನು ಕೊಳವೆ ಮಾಡಿ ಬಾಯಿಗೆ ಹಿಡಿದು ಬಗ್ಗಿ, ಹೊಟ್ಟೆಯ ಹತ್ತಿರದಿಂದ, ಅವರದೇ ದನಿಯಲ್ಲಿ, ಸ್ವಲ್ಪ ತೇವವಾಗಿ ಅಂದೆ: "ಏನಯ್ಯಾ, ಚಿಗುರಿದೀನಿ. ಅವತ್ತಿನ ಅರ್ಧ ಬಾಳೆಹಣ್ಣು ಮಾತ್ರ ಇವತ್ತಿಗೂ ಬಾಕಿ, ಅದನ್ನ ಗಿಳಿಯೇ ತಿಂದ."

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಫೈಲಿನ ಹಿಂದೆ ಮುಖ ಮರೆಸಿದರು. ಚಿಕ್ಕಪ್ಪ ಮಾತ್ರ ತಲೆ ಹಿಂದಕ್ಕೆ ಚೆಲ್ಲಿ, ಮೇಜಿನ ಮೇಲೆ ಗುದ್ದಿ, ಇಷ್ಟು ದಿನ ಒಳಗೇ ಪ್ರೆಸ್ಸಿನಡಿ ಇಟ್ಟುಕೊಂಡಿದ್ದ ನಗುವನ್ನೆಲ್ಲ ಒಂದೇ ಸಲ ಬಿಟ್ಟುಬಿಟ್ಟರು. ಹೊರಗೆ ಕಾದಿದ್ದ ರೋಗಿಗಳು ಬಾಗಿಲು ತೆರೆದು ಇಣುಕಿ ನೋಡಿದರು. ಅವರ ಮುಂದೆಯೂ ಚಿಕ್ಕಪ್ಪನದೇ ಎಲ್ಲರಿಗಿಂತ ಜೋರು ನಗು. ಹೊಟ್ಟೆ ಹಿಡಿದುಕೊಂಡು, ಕರುಳು ಹಿಡಿದುಕೊಂಡು.